ಕೆಂಗೇರಿ ಕಡೆಯ ಆರೈಕೆ ಕೇಂದ್ರ: ಸೇರಿಸುವ ಮೊದಲು ರಾತ್ರಿ ಹೋಗಿ ನೋಡಿ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರನ್ನು ನೇರ ಮನೆಗೆ ಕರೆದುಕೊಂಡು ಹೋಗಬೇಕೋ, ಆರೈಕೆ ಕೇಂದ್ರಕ್ಕೆ ಸೇರಿಸಬೇಕೋ ಎಂದು ತಲೆ ಕೆಡಿಸಿಕೊಂಡವರಿಗೆ ಇದು ಉಪಯೋಗಕ್ಕೆ ಬರಬಹುದು. ನಮ್ಮ ಅಮ್ಮ ಈಗ ಕೆಂಗೇರಿ ಕಡೆಯ ಒಂದು ಆರೈಕೆ ಕೇಂದ್ರದಲ್ಲಿದ್ದಾಳೆ. ಮೊದಲು ಆಪರೇಷನ್ ನಂತರದ ಚೇತರಿಕೆಗೆ ಅಂತ ಸೇರಿಸಿದೆವು. ಆಮೇಲೆ ಅಲ್ಲೇ ಕಾಯಂ ಇರುವ ಏರ್ಪಾಡಾಯಿತು. ಹಾಗಾಗಿ ಎರಡೂ ವಿಭಾಗ ನೋಡಿದ್ದೇನೆ. ಮೆಚ್ಚಿದ್ದೂ ಇದೆ, ದೂರುಗಳೂ ಇವೆ. ದೂರುಗಳಿರುವುದರಿಂದ ಕೇಂದ್ರದ ಹೆಸರು ಬರೆಯುತ್ತಿಲ್ಲ. ಅಲ್ಲಿ ದುಡಿಯುವ ಹುಡುಗಿಯರಿಗೆ ನನ್ನಿಂದ ತೊಂದರೆ ಆಗುವುದು ಬೇಡ. ಏನು ನೋಡಿ ಸೇರಿಸಬೇಕು ಅನ್ನುವುದನ್ನಂತೂ ಬಿಡಿಸಿ ಹೇಳುತ್ತೇನೆ. ಮೊದಲು ನೋಡಬೇಕಾದ್ದು ರಾತ್ರಿ ಪಾಳಿ.

ಅಮ್ಮನಿಗೆ 81 ವರ್ಷ. ಊರು ತಿಪಟೂರು. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ಅವರು ಹೋದ ಮೇಲೆ ಅಮ್ಮ ಒಬ್ಬಳೇ ಊರಿನ ಮನೆಯಲ್ಲಿದ್ದಳು. ಸ್ವಲ್ಪ ತೆಂಗಿನ ತೋಟ ಇದೆ. ಕಾಯಿ ಕೀಳಿಸುವುದು, ಅಟ್ಟದ ಮೇಲೆ ಕೊಬ್ಬರಿಗೆ ಹಾಕಿಸುವುದು ಎಲ್ಲಾ ತಾನೇ ನಿಂತು ಮಾಡಿಸುತ್ತಿದ್ದಳು. ಒಂದು ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆ ಮೂಳೆ ಸೊಂಟದ ಗುಳಿಗೆ ಸೇರುವ ಕಡೆ ಮುರಿದಿತ್ತು. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೊಂಟದ ಕೀಲಿನ ಅರ್ಧ ಭಾಗ, ಅಂದರೆ ತೊಡೆ ಮೂಳೆಯ ತುದಿಯ ಬಾಲ್ ಮಾತ್ರ, ಬದಲಾಯಿಸಿದರು. ಈ ವಯಸ್ಸಿನವರಿಗೆ ಆಪರೇಷನ್ ಆದಷ್ಟೂ ಎರಡು ದಿನದೊಳಗೆ ಆಗಬೇಕು, ಮಲಗಿಸಿಟ್ಟಷ್ಟೂ ಎದೆಯಲ್ಲಿ ಕಫ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಹಾಸಿಗೆ ಹುಣ್ಣು ಎಲ್ಲಾ ಶುರುವಾಗುತ್ತವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಷನ್ ಬೇಗ ಆಯಿತು, ಚೆನ್ನಾಗಿಯೂ ಆಯಿತು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಅದರಲ್ಲಿ ಹೆಸರಿಡುವ ಹಾಗಿಲ್ಲ.

ಆಮೇಲಿನ ರಾತ್ರಿಗಳು ಕಷ್ಟವಾದವು. ಸಂಜೆ ಆಗುತ್ತಿದ್ದಂತೆ ಅಮ್ಮ ಬೇರೆಯದೇ ಮಾತಾಡುತ್ತಿದ್ದಳು. ತೋಟಕ್ಕೆ ದನ ನುಗ್ಗಿದೆ ಅನ್ನುತ್ತಿದ್ದಳು. ಕೈಗೆ ಹಾಕಿದ ಸೂಜಿ ಕೀಳಲು ಹೋಗುತ್ತಿದ್ದಳು. ನನ್ನನ್ನು ನೋಡಿ ತನ್ನ ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದಳು. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ವಯಸ್ಸಾದವರಲ್ಲಿ ಆಪರೇಷನ್ ಆದ ಮೇಲೆ ಇದು ತುಂಬಾ ಸಾಮಾನ್ಯ. ನೋವು, ನಿದ್ದೆಗೇಡು, ಮಲಬದ್ಧತೆ, ಮೂತ್ರದ ಸೋಂಕು, ಸೋಡಿಯಂ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಬೇಕಾದರೂ ಕಾರಣ ಆಗಬಹುದು. ಕನ್ನಡಕ ಹಾಕಿಸಿ, ಕಣ್ಣಿಗೆ ಕಾಣುವ ಹಾಗೆ ಗಡಿಯಾರ ಇಡಿ, ಹಗಲು ಕಿಟಕಿ ತೆರೆದಿರಲಿ, ಪರಿಚಯದ ದನಿ ಕಿವಿಗೆ ಬೀಳುತ್ತಿರಲಿ ಎಂದು ಒಬ್ಬ ಹಿರಿಯ ನರ್ಸ್ ಹೇಳಿಕೊಟ್ಟರು. ಅಷ್ಟೂ ಮಾಡಿದೆವು. ದಿನ ಕಳೆದಂತೆ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ನಿಮ್ಮ ಮನೆಯಲ್ಲಿ ಹೀಗಾದರೆ ಹುಚ್ಚು ಹಿಡಿಯಿತು ಅಂತ ಹೆದರಬೇಡಿ. ಡಾಕ್ಟರಿಗೆ ತಕ್ಷಣ ಹೇಳಿ, ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ.

ಆ ಆಸ್ಪತ್ರೆಯ ಡಿಸ್ಚಾರ್ಜ್ ಮಾತ್ರ ನನಗೆ ಈಗಲೂ ಸಿಟ್ಟು ತರಿಸುತ್ತದೆ. ಬೆಳಗ್ಗೆ ಬಂದು ಇವತ್ತು ಹೋಗಬಹುದು ಅಂದರು. ಇನ್ಶೂರೆನ್ಸ್ ಮಂಜೂರಾಗುವ ತನಕ ಸಂಜೆವರೆಗೂ ಕೂರಿಸಿದರು. ಕೈಗೆ ಕೊಟ್ಟ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹೊಟ್ಟೆಗೆ ಚುಚ್ಚುವ, ರಕ್ತ ತೆಳುವಾಗಿಸುವ ಇಂಜೆಕ್ಷನ್ ಇನ್ನೂ ಕೆಲವು ವಾರ ಬೇಕು ಅಂತ ಅದರಲ್ಲಿ ಬರೆದಿತ್ತು. ಅದನ್ನು ಯಾರು ಕೊಡಬೇಕು, ಹೇಗೆ ಕೊಡಬೇಕು ಎಂದು ಯಾರೂ ತೋರಿಸಲಿಲ್ಲ. ಮಗ್ಗುಲು ಬದಲಿಸುವಾಗ ಎರಡು ಕಾಲಿನ ನಡುವೆ ದಿಂಬು ಇರಬೇಕು, ತಗ್ಗಿನ ಮಣೆ ಮೇಲೆ ಕೂರಬಾರದು, ಚಕ್ಕಲಮಕ್ಕಲ ಹಾಕಬಾರದು, ನೆಲಕ್ಕೆ ಬಗ್ಗಬಾರದು, ಇವನ್ನೆಲ್ಲ ನಾನು ಕೇಳಿ ಕೇಳಿ ತಿಳಿದುಕೊಂಡೆ. ನಾನು ಹೈಸ್ಕೂಲ್ ಟೀಚರ್, ಓದಿ ಅರ್ಥ ಮಾಡಿಕೊಂಡೆ. ಓದಲು ಬಾರದವರು ಏನು ಮಾಡಬೇಕು?

ಮೊದಲು ವಿಜಯನಗರದ ನಮ್ಮ ಮನೆಗೇ ಕರೆತಂದೆವು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತಂದರು. 24 ಗಂಟೆ ಜೊತೆಗಿರಲು ಒಂದು ಏಜೆನ್ಸಿಯಿಂದ ಆಯಾ ಗೊತ್ತು ಮಾಡಿದೆವು. ತಿಂಗಳಿಗೆ ಸುಮಾರು 30 ಸಾವಿರ, ಊಟ ತಿಂಡಿ ನಮ್ಮದು. ಮೊದಲು ಬಂದವಳು ಒಳ್ಳೆಯವಳು. ಅವಳನ್ನು ಬೇಗನೆ ಬೇರೆ ಮನೆಗೆ ಕಳಿಸಿಬಿಟ್ಟರು. ಆಮೇಲೆ ಬಂದವರಿಗೆ ಹಾಸಿಗೆ ಹಿಡಿದವರನ್ನು ತಿರುಗಿಸುವ ತರಬೇತಿಯೇ ಇರಲಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ. ಒಬ್ಬರೇ ಹಗಲೂ ರಾತ್ರಿ ಎಚ್ಚರ ಇರುವುದು ಯಾರಿಂದ ಸಾಧ್ಯ? ನಾನು ಸ್ಕೂಲಿಗೆ ಹೋಗಬೇಕು, ನನ್ನವರಿಗೂ ಕೆಲಸ. ಸ್ವಲ್ಪ ದಿನಕ್ಕೇ ಅಮ್ಮನ ಹಿಮ್ಮಡಿ ಕೆಂಪಾಯಿತು. ಬೆನ್ನಿನ ಕೆಳಗೆ, ಕೂರುವ ಮೂಳೆಯ ಹತ್ತಿರ ಚರ್ಮ ಕಿತ್ತು ಬಂತು. ಡ್ರೆಸ್ಸಿಂಗ್ ಮಾಡಲು ಬಂದ ನರ್ಸ್, ಇದು ಆಳಕ್ಕೆ ಇಳಿಯುವ ಮೊದಲು ಏನಾದರೂ ಮಾಡಿ ಮೇಡಂ ಅಂದರು. ಅವತ್ತು ರಾತ್ರಿಯೇ ಕೇಂದ್ರಗಳನ್ನು ಹುಡುಕಲು ಕೂತೆ.

ಬೆಂಗಳೂರಿನಲ್ಲಿ ಈಗ ಇಂಥ ಜಾಗಗಳು ಬೇಕಾದಷ್ಟಿವೆ. ಎಲ್ಲರೂ ಹಗಲು ಹೊತ್ತಿನಲ್ಲಿ ಕರೆಯುತ್ತಾರೆ. ಮುಂಬಾಗಿಲಲ್ಲಿ ಹೂವಿನ ಕುಂಡ, ಒಳಗೆ ಸೋಫಾ, ಗೋಡೆ ಮೇಲೆ ನಗುತ್ತಿರುವ ಅಜ್ಜ ಅಜ್ಜಿಯರ ಫೋಟೋ. ಮೇಲ್ವಿಚಾರಕಿ ಜೊತೆಗೇ ಬಂದು ಕೋಣೆ ತೋರಿಸುತ್ತಾರೆ. ಎಲ್ಲ ಕಡೆಯೂ ಒಂದೇ ಥರ. ನಾನು ಮೊದಲು ನೋಡಿದ್ದು ಮೆಟ್ರೋ. ನೇರಳೆ ಮಾರ್ಗದಲ್ಲಿ ವಿಜಯನಗರದಿಂದ ಕೆಂಗೇರಿಗೆ ನೇರ ಹೋಗಬಹುದು. ಮಾಗಡಿ ರಸ್ತೆಯಲ್ಲಿರುವ ಚಿಕ್ಕಮ್ಮನೂ ಯಾರ ಹಂಗೂ ಇಲ್ಲದೆ ಹೋಗಿ ಬರಬಹುದು. ದೂರದ, ಹಸಿರು ತುಂಬಿದ ಜಾಗಕ್ಕಿಂತ ಮನೆಯವರು ವಾರದ ಮಧ್ಯದಲ್ಲೂ ತಟ್ಟನೆ ಹೋಗಿ ನಿಲ್ಲಬಹುದಾದ ಜಾಗ ಮೇಲು. ಬಂಧುಗಳು ಆಗಾಗ ಬರುವ ರೋಗಿಯನ್ನು ಎಲ್ಲರೂ ಜಾಸ್ತಿ ಗಮನಿಸುತ್ತಾರೆ. ಇದನ್ನು ಹೇಳಲು ಬೇಜಾರಾಗುತ್ತದೆ, ಆದರೆ ನಿಜ.

ಆಮೇಲೆ ಪ್ರತಿ ಕಡೆಯೂ ಒಂದೇ ಪ್ರಶ್ನೆ ಕೇಳಿದೆ. ರಾತ್ರಿ ಹತ್ತು ಗಂಟೆಗೆ ಬಂದು ನೋಡಬಹುದಾ? ಒಂದು ಕಡೆ ನಿಯಮದಲ್ಲಿ ಅವಕಾಶ ಇಲ್ಲ ಅಂದರು. ಇನ್ನೊಂದು ಕಡೆ ಉಳಿದವರ ನಿದ್ದೆ ಕೆಡುತ್ತದೆ ಅಂದರು. ಅದೂ ನ್ಯಾಯದ ಮಾತೇ. ಆದರೆ ಬಾಗಿಲ ಹತ್ತಿರ ನಿಂತು ನೋಡಲೂ ಬಿಡಲಿಲ್ಲ. ಕೆಂಗೇರಿಯವರು ಮಾತ್ರ, ಬನ್ನಿ ಮೇಡಂ, ಚಪ್ಪಲಿ ಹೊರಗೆ ಬಿಡಿ, ಜೋರಾಗಿ ಮಾತಾಡಬೇಡಿ, ಅಷ್ಟೇ, ಅಂದರು.

ಹೋದೆ. ಓಣಿಯಲ್ಲಿ ಮಂದ ದೀಪ ಇತ್ತು. ನರ್ಸ್ ಒಬ್ಬರು ಮೇಜಿನ ಹತ್ತಿರ ಎಚ್ಚರವಾಗಿ ಕೂತಿದ್ದರು. ಇಬ್ಬರು ಆಯಾಗಳು ಒಂದು ಕೋಣೆಯಲ್ಲಿ ಒಬ್ಬ ಅಜ್ಜನನ್ನು ಮಗ್ಗುಲು ಬದಲಿಸುತ್ತಿದ್ದರು. ಕೆಳಗೆ ಹಾಸಿದ ಬಟ್ಟೆ ಹಿಡಿದು, ಒಂದು ಎರಡು ಅಂತ ಎಣಿಸಿ ಒಟ್ಟಿಗೆ ಎಳೆದರು. ಅಜ್ಜ ನರಳಲಿಲ್ಲ. ಮಂಚದ ಕಾಲ ಬಳಿ ಒಂದು ಹಾಳೆ ತೂಗುಹಾಕಿತ್ತು. ಎಡಕ್ಕೆ, ಬೆನ್ನ ಮೇಲೆ, ಬಲಕ್ಕೆ ಅಂತ ಎರಡೆರಡು ಗಂಟೆಗೆ ಗುರುತು, ಪಕ್ಕದಲ್ಲಿ ಸಹಿ. ಬೆಳಗ್ಗೆ ಒಟ್ಟಿಗೆ ಕೂತು ತುಂಬಿಸಿದ ಹಾಳೆಯಲ್ಲಿ ಎಲ್ಲ ಸಹಿಯೂ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಇರುತ್ತದೆ. ಇದು ಹಾಗಿರಲಿಲ್ಲ. ಉತ್ತರ ಪತ್ರಿಕೆ ತಿದ್ದಿ ತಿದ್ದಿ ನನಗೆ ಅಷ್ಟು ಗೊತ್ತಾಗುತ್ತದೆ. ಮೂಗಿಗೆ ಮೂತ್ರದ ವಾಸನೆ ಬರಲಿಲ್ಲ, ಅದನ್ನು ಮುಚ್ಚುವ ಫಿನಾಯಿಲ್ ವಾಸನೆಯೂ ಬರಲಿಲ್ಲ. ಮರುದಿನವೇ ಅಡ್ವಾನ್ಸ್ ಕಟ್ಟಿದೆ.

ಹಾಸಿಗೆ ಹುಣ್ಣಿನ ವಿಷಯದಲ್ಲಿ ಈ ಕೇಂದ್ರಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಗಾಳಿ ಹಾಸಿಗೆ ಹಾಕಿದರು. ಗಾಳಿ ಹಾಸಿಗೆ ಇದ್ದರೆ ತಿರುಗಿಸುವುದು ಬೇಡ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು, ಹಾಸಿಗೆ ಯಾವುದಿದ್ದರೂ ತಿರುಗಿಸಲೇಬೇಕು ಎಂದು ಇಲ್ಲಿನ ನರ್ಸ್ ಮೊದಲ ದಿನವೇ ನನಗೆ ಹೇಳಿದರು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಟ್ಟರು. ಡೈಪರ್ ಒದ್ದೆಯಾದ ತಕ್ಷಣ ಬದಲಾಯಿಸಿದರು. ಮೊಟ್ಟೆಯ ಬಿಳಿ, ಬೇಳೆ, ಹಾಲು ಜಾಸ್ತಿ ಕೊಡಲು ಅಡುಗೆಯವರಿಗೆ ಚೀಟಿ ಬರೆದರು. ಗಾಯ ವಾಸಿಯಾಗಲು ಪ್ರೋಟೀನ್ ಬೇಕಲ್ವಾ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಅದಕ್ಕೆ ಪನೀರ್, ಹೆಸರುಕಾಳಿನ ಉಸಲಿ, ಮೊಸರು ಬಂತು. ಕೆಲವೇ ವಾರಗಳಲ್ಲಿ ಬೆನ್ನಿನ ಗಾಯ ಒಣಗಿ ಹೊಸ ಚರ್ಮ ಬಂತು. ಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡರೆ ಈಗಲೂ ಕೈ ಕಾಲು ತಣ್ಣಗಾಗುತ್ತದೆ.

ರಾತ್ರಿಗೆ ಸಂಬಂಧಿಸಿದ ಇನ್ನೊಂದು ವಿಷಯ ಭಾಷೆ. ಬೆಂಗಳೂರಿನ ಬಹುತೇಕ ಕೇಂದ್ರಗಳಲ್ಲಿ ಆಯಾ ಕೆಲಸಕ್ಕೆ ಹೊರ ರಾಜ್ಯಗಳಿಂದ ಬಂದ ಹುಡುಗಿಯರಿದ್ದಾರೆ. ಒಡಿಶಾ, ಜಾರ್ಖಂಡ್, ಅಸ್ಸಾಂ. ಕಷ್ಟಪಟ್ಟು ದುಡಿಯುತ್ತಾರೆ, ಅವರ ಮೇಲೆ ನನ್ನದು ಯಾವ ದೂರೂ ಇಲ್ಲ. ಆದರೆ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ರಾತ್ರಿ ಎರಡು ಗಂಟೆಗೆ ಹೊಟ್ಟೆ ಕಿವುಚುತ್ತಿದೆ, ಕಾಲು ಜೋಮು ಹಿಡಿದಿದೆ, ಎದೆ ಒತ್ತಿದ ಹಾಗಾಗುತ್ತಿದೆ ಎಂದು ಹೇಳಿದರೆ ಎದುರಿನವರಿಗೆ ಅರ್ಥ ಆಗಬೇಕು. ಅರ್ಥ ಆಗದಿದ್ದರೆ ಪಾಪ ಅವರು ನೀರು ಕುಡಿಸಿ ಹೋಗುತ್ತಾರೆ. ಹಗಲಲ್ಲಿ ಸುತ್ತ ಹತ್ತು ಜನ ಇರುತ್ತಾರೆ, ಯಾರಾದರೂ ತಿಳಿಸಿ ಹೇಳುತ್ತಾರೆ. ರಾತ್ರಿ ಯಾರೂ ಇರುವುದಿಲ್ಲ. ಇದನ್ನು ಸೇರಿಸುವ ಮೊದಲೇ ಹೇಳಿದ್ದೆ. ಅಮ್ಮನ ಕಡೆಗೆ ಹಾವೇರಿಯ ಒಬ್ಬ ಹುಡುಗಿಯನ್ನು ರಾತ್ರಿ ಪಾಳಿಗೆ ಹಾಕಿದರು. ಅವಳು "ಅಜ್ಜೀ, ಎಚ್ಚರ ಅದೀರೇನ್ರಿ? ಮಗ್ಗಲಾ ಬದಲ್ ಮಾಡೂಣು" ಅಂತ ಕೇಳುತ್ತಾಳೆ. ಅಮ್ಮನಿಗೆ ಆ ಕಡೆಯ ಮಾತು ಮೊದಲು ವಿಚಿತ್ರ ಅನಿಸುತ್ತಿತ್ತು. ಈಗ "ಬಾ ಮಗಾ" ಅನ್ನುತ್ತಾಳೆ.

ಒಂದು ರಾತ್ರಿ ಅಮ್ಮನ ಮಾತು ಮತ್ತೆ ಹಳಿ ತಪ್ಪಿತು. ದನ ನುಗ್ಗಿದೆ ಎಂದು ಶುರು ಮಾಡಿದಳಂತೆ. ಆ ಹುಡುಗಿ ಅದನ್ನು ಮುದುಕಿಯ ಬಡಬಡಿಕೆ ಅಂತ ಬಿಡಲಿಲ್ಲ. ಸಂಜೆ ಊಟ ಬಿಟ್ಟಿದ್ದಳು, ಈಗ ಹೀಗೆ ಮಾತಾಡುತ್ತಿದ್ದಾಳೆ ಎಂದು ನರ್ಸಿಗೆ ಹೇಳಿದಳು. ನರ್ಸ್ ನನಗೆ ಫೋನ್ ಮಾಡಿದರು. ಬೆಳಗ್ಗೆ ರಕ್ತ ಪರೀಕ್ಷೆ ಮಾಡಿಸಿದಾಗ ಸೋಡಿಯಂ ಕಡಿಮೆ ಇತ್ತು. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸರಿ ಮಾಡಿಸಿದೆವು. ಬಿಪಿ ಮಾತ್ರೆಯನ್ನೂ ಬದಲಾಯಿಸಿದರು. ಕೆಲವು ಬಿಪಿ ಮಾತ್ರೆಗಳಿಂದಲೇ ಸೋಡಿಯಂ ಇಳಿಯುತ್ತದಂತೆ. ಏನೋ ಸರಿಯಿಲ್ಲ ಎಂದು ಬೆಳಗಾಗುವ ಮೊದಲೇ ಗೊತ್ತಾಗಿದ್ದು ಅಮ್ಮನ ಮಾತು ಅರ್ಥವಾಗುವ ಒಬ್ಬಳು ಅಲ್ಲಿ ಎಚ್ಚರ ಇದ್ದಳು ಅಂತ. ಇಡೀ ಕೇಂದ್ರದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ಅವತ್ತೇ.

ಫಿಜಿಯೋ ಚೆನ್ನಾಗಿದೆ. ಚೇತರಿಕೆ ವಿಭಾಗದಲ್ಲಿ ವಾರಕ್ಕೆ ಆರು ದಿನ, ಬೆಳಗ್ಗೆ ಸಂಜೆ. ಮೊದಲು ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು, ಮಂಡಿ ಒತ್ತುವುದು. ಆಮೇಲೆ ಎತ್ತರದ ಕುರ್ಚಿಯಿಂದ ಕೈ ಊರಿ ಏಳುವುದು. ಆಮೇಲೆ ವಾಕರ್. ಹುಡುಗ ಚಿಕ್ಕವನು, ತಾಳ್ಮೆ ಜಾಸ್ತಿ. ಇಷ್ಟು ಹೆಜ್ಜೆ ಇಡಿ ಅಂದರೆ ಅಮ್ಮ ಕೇಳುತ್ತಿರಲಿಲ್ಲ. ಅಂಗಳದಲ್ಲಿ ಒಂದು ತುಳಸಿ ಕಟ್ಟೆ ಇದೆ. ಅಲ್ಲಿಗೆ ಹೋಗಿ ದೀಪ ಹಚ್ಚಿ ಬರೋಣ ಅಜ್ಜಿ ಅಂದ. ಎದ್ದಳು. ಮೊದಲು ಬಾಗಿಲ ತನಕ, ಆಮೇಲೆ ಅಂಗಳದ ತನಕ. ಒಂದೆರಡು ಮೆಟ್ಟಿಲೂ ಕಲಿಸಿದ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇದನ್ನು ನೀವೂ ನೆನಪಿಟ್ಟುಕೊಳ್ಳಿ, ತಿರುವುಮುರುವು ಮಾಡಿದರೆ ಬೀಳುತ್ತಾರೆ.

ಊಟದ ವಿಷಯಕ್ಕೆ ಬರುತ್ತೇನೆ. ಮೊದಲ ವಾರ ಚಪಾತಿ, ಪಲ್ಯ, ಬಿಳಿ ಅನ್ನ, ತಿಳಿಸಾರು. ಅಡುಗೆ ಶುಚಿ, ಬಿಸಿ. ಆದರೆ ಅಮ್ಮ ಹುಟ್ಟಿದಾಗಿನಿಂದ ಮಧ್ಯಾಹ್ನ ಮುದ್ದೆ ಉಂಡವಳು. ಚಪಾತಿ ಅಗಿಯಲು ಆಗುತ್ತಿರಲಿಲ್ಲ, ಅರ್ಧಕ್ಕೇ ಬಿಡುತ್ತಿದ್ದಳು. ಉಪಸಾರು ಮುದ್ದೆ ಮಾಡಿ ಎಂದು ಕೇಳಿದೆ. ಅಡುಗೆಯವರು ಮಂಡ್ಯ ಕಡೆಯವರು. ಅದಕ್ಕೇನಂತೆ ಅಕ್ಕ ಅಂದರು. ಈಗ ವಾರಕ್ಕೆ ಮೂರು ದಿನ ಮುದ್ದೆ ಆಗುತ್ತದೆ, ಬೇರೆಯವರೂ ಕೇಳಿ ಹಾಕಿಸಿಕೊಳ್ಳುತ್ತಾರೆ. ನುಂಗುವಾಗ ಗಂಟಲಿಗೆ ಸಿಕ್ಕಿಕೊಳ್ಳಬಾರದು ಎಂದು ಸ್ವಲ್ಪ ಮೆತ್ತಗೆ ಮಾಡುತ್ತಾರೆ. ಉಣ್ಣುವಾಗ ನೆಟ್ಟಗೆ ಕೂರಿಸುತ್ತಾರೆ, ಉಂಡ ಮೇಲೂ ಅರ್ಧ ಗಂಟೆ ಮಲಗಲು ಬಿಡುವುದಿಲ್ಲ. ಮಲಗಿಸಿ ಬಾಯಿಗೆ ಸುರಿಯುವ ಕಡೆ ಅನ್ನ ಶ್ವಾಸಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸೇರಿಸುವ ಮೊದಲು ಒಂದು ಊಟದ ಹೊತ್ತಿಗೂ ಹೋಗಿ ನೋಡಿ.

ಸೀರೆ ವಿಷಯದಲ್ಲಿ ಜಗಳ ಆಯಿತು. ನೈಟಿ ಕಡ್ಡಾಯ ಅಂದರು. ಅಮ್ಮ ಜೀವಮಾನದಲ್ಲಿ ನೈಟಿ ಹಾಕಿದವಳಲ್ಲ. ಗಂಡಸರು ಓಡಾಡುವ ಕಡೆ ಹೀಗೆ ಕೂರಲ್ಲ ಕಣೇ ಎಂದು ಅತ್ತಳು. ವಾಕರ್ ಹಿಡಿದು ನಡೆಯುವಾಗ ನೆರಿಗೆ ಕಾಲಿಗೆ ಸಿಕ್ಕಿ ಬಿದ್ದರೆ ಏನು ಮಾಡುವುದು ಎಂದು ಅವರ ವಾದ. ಎರಡೂ ಸರಿ. ಮೇಲ್ವಿಚಾರಕಿಯೇ ಒಂದು ದಾರಿ ಹುಡುಕಿದರು. ರಾತ್ರಿ ಮತ್ತು ಫಿಜಿಯೋ ಹೊತ್ತಿಗೆ ನೈಟಿ, ಮೇಲೊಂದು ಟವೆಲ್. ಮಧ್ಯಾಹ್ನದ ನಂತರ ಕುರ್ಚಿಯಲ್ಲಿ ಕೂರುವಾಗ ಹತ್ತಿ ಸೀರೆ, ಹಿಮ್ಮಡಿಗಿಂತ ಮೇಲಕ್ಕೆ ಉಡಿಸಿ. ಸೀರೆ ಉಟ್ಟ ದಿನ ಅಮ್ಮನ ಮಾತೇ ಬೇರೆ, ನೆಟ್ಟಗೆ ಕೂತು ಬಂದವರನ್ನು ವಿಚಾರಿಸುತ್ತಾಳೆ.

ವಾರಕ್ಕೊಮ್ಮೆ ವೃದ್ಧರ ಡಾಕ್ಟರು ಬರುತ್ತಾರೆ. ಅವರು ಮಾಡಿದ ಒಂದು ದೊಡ್ಡ ಉಪಕಾರ ಹೇಳಬೇಕು. ಸುಮ್ನೆ ಜಾರಿ ಬಿದ್ದದ್ದಕ್ಕೇ ಸೊಂಟ ಮುರಿದಿದೆ ಅಂದರೆ ಮೂಳೆ ಸವೆದಿದೆ ಅಂತ ಅರ್ಥ, ಅದಕ್ಕೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಇನ್ನೊಂದು ಕಡೆ ಮುರಿಯುತ್ತದೆ ಅಂದರು. ತುಮಕೂರಿನ ಕಾಗದದಲ್ಲಿ ಕ್ಯಾಲ್ಸಿಯಂ ಮಾತ್ರೆ ಬಿಟ್ಟರೆ ಏನೂ ಇರಲಿಲ್ಲ. ವಿಟಮಿನ್ ಡಿ ಸರಿಮಾಡಿ, ಕಿಡ್ನಿ ಪರೀಕ್ಷೆ ನೋಡಿ, ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಕೊಡಿಸಿದರು. ನಿಮ್ಮ ಮನೆಯ ಹಿರಿಯರಿಗೆ ಹೀಗೆ ಮೂಳೆ ಮುರಿದಿದ್ದರೆ ಡಾಕ್ಟರನ್ನು ಈ ಬಗ್ಗೆ ತಪ್ಪದೆ ಕೇಳಿ.

ಈಗ ದುಡ್ಡು. ಚೇತರಿಕೆ ವಿಭಾಗದಲ್ಲಿ ಇಬ್ಬರ ಕೋಣೆಗೆ ದಿನಕ್ಕೆ 2,800 ರೂಪಾಯಿ. ಊಟ, ನರ್ಸಿಂಗ್, ಫಿಜಿಯೋ ಸೇರಿ. ಔಷಧಿ, ಡೈಪರ್, ಡ್ರೆಸ್ಸಿಂಗ್ ಸಾಮಾನು ಬೇರೆ. ಕಾಯಂ ವಿಭಾಗದಲ್ಲಿ ತಿಂಗಳಿಗೆ 48 ಸಾವಿರ, ಅದರಲ್ಲಿ ಫಿಜಿಯೋ ವಾರಕ್ಕೆ ಮೂರು ದಿನ ಮಾತ್ರ. ಒಂದು ಲಕ್ಷ ಠೇವಣಿ, ಬಿಡುವಾಗ ವಾಪಸ್. ಕಡಿಮೆ ಅಲ್ಲ. ಆಸ್ಪತ್ರೆ ಖರ್ಚು ಇನ್ಶೂರೆನ್ಸಿನಲ್ಲಿ ಬಂತು, ಇದು ಬರುವುದಿಲ್ಲ. ವಿಶ್ರಾಂತಿ, ಪುನಶ್ಚೇತನ, ದಿನನಿತ್ಯದ ಆರೈಕೆಗಾಗಿ ಸೇರುವುದನ್ನು ಹೊರಗಿಡುವ ಷರತ್ತು ನಮ್ಮ ದೇಶದ ಹೆಲ್ತ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಪಾಲಿಸಿ ಕಾಗದದಲ್ಲಿ ಎಕ್ಸ್‌ಕ್ಲೂಷನ್ 05 ಎಂಬ ಸಾಲು ಹುಡುಕಿ ನೋಡಿ. ಆದರೆ ಡಿಸ್ಚಾರ್ಜ್ ಆದ ಮೇಲಿನ ಔಷಧಿ ಮತ್ತು ಪರೀಕ್ಷೆಯ ಬಿಲ್ಲುಗಳಿಗೆ ನಮ್ಮ ಪಾಲಿಸಿಯಲ್ಲಿ 60 ದಿನದ ಅವಕಾಶ ಇತ್ತು. ಎಲ್ಲ ಬಿಲ್ಲನ್ನೂ ಡಾಕ್ಟರ ಚೀಟಿಯ ಜೊತೆ ಇಟ್ಟುಕೊಂಡಿದ್ದೆ, ಸ್ವಲ್ಪ ವಾಪಸ್ ಬಂತು. ಅಮ್ಮನಿಗೆ ಅಪ್ಪನ ಕುಟುಂಬ ಪಿಂಚಣಿ ಬರುತ್ತದೆ. ಕೇಂದ್ರ ಸರ್ಕಾರದ ಪಿಂಚಣಿಯಲ್ಲಿ 80 ತುಂಬಿದವರಿಗೆ ಮೂಲ ಪಿಂಚಣಿಯ 20 ಶೇಕಡ ಹೆಚ್ಚು ಸಿಗುತ್ತದೆ, ಕುಟುಂಬ ಪಿಂಚಣಿಗೂ ಇದು ಅನ್ವಯ. ಉಳಿದದ್ದನ್ನು ನಾನೂ ತಮ್ಮನೂ ಹಂಚಿಕೊಳ್ಳುತ್ತೇವೆ. ಜೀವಂತ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಸಾಕು. 80 ದಾಟಿದವರು ನವೆಂಬರ್ ತನಕ ಕಾಯದೆ ಅಕ್ಟೋಬರ್ 1ರಿಂದಲೇ ಕೊಡಬಹುದು. ಕೇಂದ್ರದ ಕಿಟಕಿ ಪಕ್ಕ ಅಮ್ಮನನ್ನು ಕೂರಿಸಿ ನನ್ನ ಫೋನಿನಲ್ಲೇ ಮಾಡಿದೆ.

ದೂರುಗಳು. ಮೊದಲ ತಿಂಗಳ ಬಿಲ್ಲಿನಲ್ಲಿ ಗ್ಲೌಸ್, ವೈಪ್ಸ್, ಅಂಡರ್‌ಪ್ಯಾಡ್ ಅಂತ ಉದ್ದ ಪಟ್ಟಿ, ಎಲ್ಲಾ ಪೂರ್ತಿ ಎಂಆರ್‌ಪಿಗೆ. ಹೊರಗಿನ ಮೆಡಿಕಲ್ ಸ್ಟೋರಿನಲ್ಲಿ ಅದೇ ಡೈಪರ್ ಸಾಕಷ್ಟು ಕಡಿಮೆಗೆ ಸಿಗುತ್ತದೆ. ನಾವೇ ತಂದುಕೊಡುತ್ತೇವೆ ಅಂದಾಗ ಒಪ್ಪಲಿಲ್ಲ. ಒಪ್ಪಂದದ ಕಾಗದ ತೆಗೆದು, ಎಲ್ಲಿ ಬರೆದಿದೆ ತೋರಿಸಿ ಅಂದ ಮೇಲೆ ಒಪ್ಪಿದರು. ಸೇರಿಸುವ ಮೊದಲೇ ಇದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಟ್ಟೆ ಒಗೆಯಲು ಹಾಕಿದರೆ ಅದಲು ಬದಲಾಗುತ್ತದೆ, ಅಮ್ಮನ ಎರಡು ರವಿಕೆ ಸಿಗಲೇ ಇಲ್ಲ. ಹಾಲ್‌ನಲ್ಲಿ ಟಿವಿ ಹಗಲಿಡೀ ಜೋರಾಗಿ ಹಾಕಿರುತ್ತಾರೆ, ಕಿವಿ ಕೇಳುವವರಿಗೆ ಹಿಂಸೆ. ರಾತ್ರಿ ಡಾಕ್ಟರು ಇರುವುದಿಲ್ಲ, ನರ್ಸ್ ಮಾತ್ರ. ಏನಾದರೂ ಆದರೆ ಆಂಬುಲೆನ್ಸ್ ಕರೆದು ಆಸ್ಪತ್ರೆಗೆ ಕಳಿಸುತ್ತಾರೆ. ಆಕ್ಸಿಜನ್ ಮೇಲಿರುವವರು, ಹೃದಯ ತೀರಾ ದುರ್ಬಲ ಇರುವವರು ಇಲ್ಲಿಗೆ ಬೇಡ. ಭಾನುವಾರ ಫಿಜಿಯೋ ಇಲ್ಲ. ಆ ದಿನ ಆಯಾಗಳಾದರೂ ಒಂದು ಸುತ್ತು ನಡೆಸಬಹುದು, ನಡೆಸುವುದಿಲ್ಲ. ಸೋಮವಾರ ಅಮ್ಮ ಏಳಲು ಒದ್ದಾಡುತ್ತಾಳೆ.

ಕಾಯಂ ಸೇರಿಸುವ ಮಾತು ಬಂದಾಗ ಮನೆಯಲ್ಲಿ ಸಮಾಧಾನ ಇರಲಿಲ್ಲ. ಹುಬ್ಬಳ್ಳಿಯಲ್ಲಿರುವ ತಮ್ಮ, ಊರಲ್ಲಿ ಜನ ಏನಂತಾರೆ ಅಕ್ಕ ಅಂದ. ಸೋದರತ್ತೆಯೊಬ್ಬರು ಫೋನ್ ಮಾಡಿ, ಇಬ್ಬರು ಮಕ್ಕಳಿದ್ದೂ ಆಶ್ರಮಕ್ಕೆ ಹಾಕಿದ್ರಾ ಎಂದು ಕೇಳಿದರು. ನನಗೆ ನೋವಾಯಿತು. ಅವರಿಗೆ ಒಂದೇ ಮಾತು ಹೇಳಿದೆ: ಬಂದು ಒಂದು ರಾತ್ರಿ ಅಮ್ಮನ ಪಕ್ಕ ಇರಿ ಅತ್ತೆ, ಎರಡು ಗಂಟೆಗೊಮ್ಮೆ ಎದ್ದು ತಿರುಗಿಸಿ, ಆಮೇಲೆ ಮಾತಾಡೋಣ. ಅಮ್ಮ ವಾಕರ್ ಹಿಡಿದು ನಡೆಯುತ್ತಾಳೆ, ನಿಜ. ಆದರೆ ರಾತ್ರಿ ಒಬ್ಬಳೇ ಎದ್ದರೆ ಬೀಳುತ್ತಾಳೆ. ಮಾತ್ರೆ ತಗೊಂಡದ್ದು ಮರೆಯುತ್ತಾಳೆ. ತಿಪಟೂರಿನಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ, ನಮ್ಮ ಎರಡನೇ ಮಹಡಿಗೆ ತಂದರೆ ಅಂಗಳದ ಮುಖವನ್ನೇ ನೋಡುವುದಿಲ್ಲ.

ಅಮ್ಮನನ್ನೇ ಕೇಳಿದೆವು. ತಲೆ ತಿಳಿಯಾಗಿರುವ ಬೆಳಗಿನ ಹೊತ್ತು ನೋಡಿ, ನಾನೂ ತಮ್ಮನೂ ಎದುರು ಕೂತು, ಒಂದೊಂದನ್ನೂ ಬಿಡಿಸಿ ಹೇಳಿದೆವು. ಮೊದಲು ತೋಟ ಯಾರು ನೋಡಿಕೊಳ್ಳುತ್ತಾರೆ ಅಂದಳು. ಅದು ತೀರ್ಮಾನವಾದ ಮೇಲೆ ತನ್ನ ಷರತ್ತು ಹೇಳಿದಳು. ಯುಗಾದಿ, ಗೌರಿ ಹಬ್ಬಕ್ಕೆ ಮನೆಗೆ ಕರೆದುಕೊಂಡು ಹೋಗಬೇಕು. ತನ್ನ ಟ್ರಂಕು ಇಲ್ಲಿಗೆ ಬರಬೇಕು. ರಾತ್ರಿ ಆ ಹಾವೇರಿ ಹುಡುಗಿಯೇ ಇರಬೇಕು. ಮೊದಲೆರಡು ನಮ್ಮ ಕೈಯಲ್ಲಿತ್ತು, ಆಯಿತು. ಮೂರನೆಯದನ್ನು ಮೇಲ್ವಿಚಾರಕಿಗೆ ಹೇಳಿದಾಗ, ರಜೆ ಬಿಟ್ಟು ಉಳಿದ ದಿನ ಅವಳನ್ನೇ ಹಾಕುತ್ತೇವೆ, ರಜೆ ದಿನ ಕನ್ನಡ ಬರುವ ಇನ್ನೊಬ್ಬರನ್ನು ಹಾಕುತ್ತೇವೆ ಎಂದು ಒಪ್ಪಂದದಲ್ಲೇ ಬರೆದುಕೊಟ್ಟರು. ಈ ತನಕ ಪಾಲಿಸಿದ್ದಾರೆ.

ಸೊಂಟದ ಆಪರೇಷನ್ ಆದವರು, ಹಾಸಿಗೆ ಹುಣ್ಣು ಇರುವವರು, ಸ್ವಲ್ಪ ಮರೆವು ಶುರುವಾದವರು, ಇಂಥವರಿಗೆ ಈ ಕೇಂದ್ರವನ್ನು ಧೈರ್ಯವಾಗಿ ಹೇಳುತ್ತೇನೆ. ಐದಕ್ಕೆ ನಾಲ್ಕು ಅಂಕ. ಬೇರೆ ಕಡೆ ಹುಡುಕುವವರು ಗೋಡೆ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ನೋಡಿ. ರಾತ್ರಿ ಎಷ್ಟು ಮಂಚಕ್ಕೆ ಎಷ್ಟು ಜನ ಎಂದು ಕೇಳಿ, ಆಮೇಲೆ ಹೋಗಿ ಎಣಿಸಿ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ. ಭಾನುವಾರದ ನಡಿಗೆ ಬಗ್ಗೆ ನಾನು ಬರೆದುಕೊಟ್ಟ ಮನವಿಗೆ ಇನ್ನೂ ಉತ್ತರ ಬಂದಿಲ್ಲ. ಬಂದರೆ ಉಳಿದ ಒಂದು ಅಂಕದ ಬಗ್ಗೆ ಇಲ್ಲೇ ಸೇರಿಸಿ ಬರೆಯುತ್ತೇನೆ.